ಶೀಲ್ಡು ಕೊಟ್ಟಾಯ್ತು, ನೋಟುಬುಕ್ಕು ಎಲ್ಲಿ ಮಾರಾಯ್ರೆ?

ಗೋಪಾಳದಲ್ಲಿ ಸಿಟಿ ಬಸ್ ಹತ್ತಿ ಪೇಟೆ ಕಡೆ ಹೊರಟವರು ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಕಂಬದಿಂದ ಕಂಬಕ್ಕೆ ಯುವಕ ಸಂಘಗಳ ಬ್ಯಾನರು. ಅಧ್ಯಕ್ಷರ ಮುಖ ದೊಡ್ಡದು, ಉಪಾಧ್ಯಕ್ಷರದ್ದು ಅದಕ್ಕಿಂತ ಒಂದು ಸುತ್ತು ಸಣ್ಣದು, ಕೆಳಗೆ ಸದಸ್ಯರ ಸಾಲು ಸಾಲು ಅಂಚೆಚೀಟಿ ಗಾತ್ರದ ಮುಖಗಳು. ಹಬ್ಬದ ಶುಭಾಶಯ ಇದೆ, ಗಣ್ಯರಿಗೆ ಸ್ವಾಗತ ಇದೆ. ಆ ಸಂಘ ಕಳೆದ ವರ್ಷ ಏನು ಕೆಲಸ ಮಾಡಿತು ಅನ್ನೋದು ಮಾತ್ರ ಯಾವ ಬ್ಯಾನರಿನಲ್ಲೂ ಕಾಣೋದಿಲ್ಲ.

ಅಂಗಡಿ ಇಟ್ಟವರಿಗೆ ಈ ಸಂಘಗಳ ಪರಿಚಯ ಇನ್ನೊಂದು ಬಗೆಯದು. ಗಣಪತಿ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ರಶೀದಿ ಪುಸ್ತಕ ಹಿಡಿದು ನಾಲ್ಕು ಹುಡುಗರು ಬಂದು ನಿಲ್ಲುತ್ತಾರೆ. ರಾಜ್ಯೋತ್ಸವಕ್ಕೆ ಮತ್ತೆ ನಾಲ್ವರು. ಕಬಡ್ಡಿ, ಕ್ರಿಕೆಟ್ ಪಂದ್ಯಾವಳಿಗೆ ಶೀಲ್ಡು ಕೊಡಿಸಿ ಅಣ್ಣಾ, ಅಂತ ಇನ್ನೊಂದು ಗುಂಪು. ಕೊಟ್ಟರೆ ವೇದಿಕೆಯ ಮೇಲೆ ಒಂದು ಶಾಲು, ಒಂದು ಹಾರ. ಅಲ್ಲಿಗೆ ಲೆಕ್ಕ ಚುಕ್ತಾ.

ಚಂದಾ ಕೊಡೋದು ತಪ್ಪು ಅಂತ ಈ ಅಂಕಣ ಹೇಳೋದಿಲ್ಲ. ಕೊಡಬೇಕು. ಆದರೆ ಪ್ರಶಸ್ತಿ, ಬಹುಮಾನ, ಸನ್ಮಾನ ಅಂತ ನಾವು ಕೊಡ್ತಾ ಇರೋದು ಕೆಲಸಕ್ಕೋ, ಫೋಟೋಕ್ಕೋ? ಕೇಳಬೇಕಾದ ಪ್ರಶ್ನೆ ಇದೊಂದೇ.

ನಮ್ಮ ಜಿಲ್ಲೆಯೇ ಮೊದಲ ಪಂಕ್ತಿ

ಯುವಕ ಮಂಡಲ ಅನ್ನೋದು ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. 1952ರ ಅಕ್ಟೋಬರ್ 2ರಂದು ದೇಶದ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಆಗಿನ ಮೈಸೂರು ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾಗಿದ್ದು ನಮ್ಮ ಸೊರಬ–ಶಿಕಾರಿಪುರದ ಸೀಮೆ. ಗ್ರಾಮಸೇವಕ ಎಂಬ ಹುದ್ದೆ ಹಳ್ಳಿಗೆ ಬಂದದ್ದು, ಯುವಕ ಮಂಡಲ, ಮಹಿಳಾ ಮಂಡಲ ಅನ್ನೋ ಮಾತು ಊರೂರಿಗೆ ಹಬ್ಬಿದ್ದು ಆ ಕಾಲದಲ್ಲಿ. ಗೊಬ್ಬರದ ಗುಂಡಿ ತೋಡೋದು, ರಸ್ತೆಗೆ ಮಣ್ಣು ಹೊರೋದು, ಹೊಸ ಭತ್ತದ ತಳಿ ಹಾಕಿ ನೋಡೋದು, ಇಂಥ ಕೆಲಸಕ್ಕೆ ಹುಡುಗರು ಮುಂದೆ ಬರಲಿ ಅನ್ನೋದು ಉದ್ದೇಶ.

1972ರಲ್ಲಿ ನೆಹರು ಯುವ ಕೇಂದ್ರ ಬಂತು. 1987ರಲ್ಲಿ ಅದು ಸ್ವಾಯತ್ತ ಸಂಘಟನೆಯಾಯಿತು. ಒಳ್ಳೆಯ ಯುವಕ ಮಂಡಲಕ್ಕೆ ಜಿಲ್ಲೆ, ರಾಜ್ಯ, ರಾಷ್ಟ್ರ ಅಂತ ಮೂರು ಹಂತದಲ್ಲಿ ಪ್ರಶಸ್ತಿ ಕೊಡುವ ಪದ್ಧತಿಯೂ ಬೆಳೆಯಿತು. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಮೇರಾ ಯುವ ಭಾರತ್ ಅಂತ ಹೊಸ ಸಂಸ್ಥೆ ಕಟ್ಟಿತು. 15ರಿಂದ 29 ವರ್ಷದವರು ಈಗ ಮೊಬೈಲಿನಲ್ಲೇ ಹೆಸರು ಬರೆಸಬಹುದು. ನಮ್ಮ ರಾಜ್ಯದ ಯುವಜನ ಇಲಾಖೆ ನಡೆಸಿಕೊಂಡು ಬಂದ ಯುವಜನ ಮೇಳಗಳಂತೂ ಡೊಳ್ಳು ಕುಣಿತ, ಕೋಲಾಟ, ಸೋಬಾನೆ, ಗೀಗೀ ಪದ, ಭಜನೆಗಳನ್ನು ಹಳ್ಳಿಯ ಜಗಲಿಯಿಂದ ಜಿಲ್ಲೆಯ ವೇದಿಕೆಗೆ ತಂದವು. ಮೇಳ ಇದೆ ಅಂದ ಮೇಲೆ ತಿಂಗಳ ಮುಂಚೆ ಡೊಳ್ಳಿನ ಚರ್ಮ ಬಿಗಿಯಾಗ್ತದೆ, ರಾತ್ರಿ ಅಭ್ಯಾಸ ನಡೀತದೆ. ಇದು ಸಣ್ಣ ಮಾತೇನಲ್ಲ.

ಆದರೆ ಮೇಳ ಅಳೆಯೋದು ಒಂದು ದಿನದ ಕುಣಿತವನ್ನು. ಉಳಿದ 364 ದಿನ?

42 ವರ್ಷದ ನಂತರ ಬಂದ ಪ್ರಶಸ್ತಿ

ಉಳಿದ ದಿನಗಳ ಲೆಕ್ಕ ಹೇಗಿರಬೇಕು ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ. ಸಾಗರದ ಬಸ್ ಹತ್ತಿ, ಅಲ್ಲಿಂದ ಹೆಗ್ಗೋಡಿಗೆ ಹೋದರೆ ಸಾಕು. 1949ರಲ್ಲಿ ಆ ಪುಟ್ಟ ಹಳ್ಳಿಯವರು ಹವ್ಯಾಸಕ್ಕೆ ಅಂತ ಒಂದು ಸಂಘ ಕಟ್ಟಿದರು. ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಅಂತ ಹೆಸರು. ಊರಿನ ದೇವರ ಹೆಸರು, ಊರಿನ ಜನ, ಊರಿಗೆ ನಾಟಕ. ಅಂಥ ಸಂಘ ಆಗ ನಾಡಿನ ಎಷ್ಟು ಊರುಗಳಲ್ಲಿ ಹುಟ್ಟಿರಲಿಲ್ಲ! ಕೆ.ವಿ. ಸುಬ್ಬಣ್ಣನವರಿಗೆ ಆಗ ಹದಿನೇಳು ವರ್ಷ.

ಬಹಳ ಸಂಘಗಳು ನಾಲ್ಕು ನಾಟಕ ಆಡಿ ಬಣ್ಣದ ಪೆಟ್ಟಿಗೆ ಮುಚ್ಚಿದವು. ಇದು ಮುಚ್ಚಲಿಲ್ಲ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1973ರಲ್ಲಿ ಹಳ್ಳಿಯವರು ದೇಶ ವಿದೇಶದ ಸಿನಿಮಾ ನೋಡಲಿ ಅಂತ ಚಿತ್ರಸಮಾಜ. 1980ರಲ್ಲಿ ರಂಗಶಿಕ್ಷಣ ಕೇಂದ್ರ. 1985ರಿಂದ ತಿರುಗಾಟ, ಊರೂರು ಸುತ್ತಿ ನಾಟಕ. 1991ರಲ್ಲಿ ಸುಬ್ಬಣ್ಣನವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಂಘ ಹುಟ್ಟಿದ್ದಕ್ಕೂ ಪ್ರಶಸ್ತಿ ಬಂದದ್ದಕ್ಕೂ ನಡುವೆ 42 ವರ್ಷ. ಇವತ್ತು ಸಂಘ ಕಟ್ಟಿ, ನಾಳೆ ಬ್ಯಾನರು ಹಾಕಿ, ನಾಡಿದ್ದು ‘ಸಮಾಜ ಸೇವಾ ರತ್ನ’ ಆಗುವ ಕಾಲದಲ್ಲಿ ಈ ಲೆಕ್ಕವನ್ನು ಎರಡೆರಡು ಸಲ ಓದಿಕೊಳ್ಳಬೇಕು.

ಪ್ರದರ್ಶನದಲ್ಲಿ ನಾವು ನೋಡೋದೇನು?

ನಾಟಕದ ಮಾತು ಅಷ್ಟಕ್ಕಿರಲಿ, ಬೆಳೆಯ ಮಾತಿಗೆ ಬರೋಣ. ಫಲಪುಷ್ಪ ಪ್ರದರ್ಶನ ಅಂದ್ರೆ ನಮ್ಮವರಿಗೆ ಪ್ರಾಣ. ಹೂವಿನಲ್ಲಿ ಮಾಡಿದ ಗೋಪುರದ ಮುಂದೆ ಫೋಟೋ, ಕಲ್ಲಂಗಡಿಯಲ್ಲಿ ಕೆತ್ತಿದ ಮುಖದ ಮುಂದೆ ಇನ್ನೊಂದು ಫೋಟೋ, ಆಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನವುಲೆಯ ಕೃಷಿ ಮೇಳಕ್ಕೂ ಜನ ಹೋಗ್ತಾರೆ. ದೊಡ್ಡ ಕುಂಬಳಕಾಯಿ ಕಂಡರೆ ಬಾಯಿ ಬಿಡ್ತಾರೆ. ಅದನ್ನು ಬೆಳೆಯೋದಕ್ಕೆ ಎಷ್ಟು ಖರ್ಚಾಯಿತು, ಏನು ಗೊಬ್ಬರ ಹಾಕಿದರು, ಎಷ್ಟು ಬಳ್ಳಿ ಒಣಗಿ ಹೋಯಿತು ಅಂತ ಕೇಳುವವರು ಕಡಿಮೆ.

ಒಂದು ಉದಾಹರಣೆ ಹೇಳ್ತೀನಿ. ಮಲೆನಾಡಿನ ಅಡಿಕೆಗೆ ಮಳೆಗಾಲದ ಶತ್ರು ಕೊಳೆರೋಗ. ಅದಕ್ಕೆ ಬೋರ್ಡೋ ದ್ರಾವಣ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಕೇಳೋದಕ್ಕೆ ಸುಲಭ. ಆದರೆ ಸುಣ್ಣ ಹಳೆಯದಾದರೆ, ಹದ ತಪ್ಪಿದರೆ ದ್ರಾವಣ ಕೆಡ್ತದೆ, ಹಿಂಗಾರ ಎಳೆಕಾಯಿ ಸುಟ್ಟೀತು. ಪರೀಕ್ಷೆ ಮಾಡೋದು ಹೇಗೆ? ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಕೆಂಪು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಬೇಕು.

ಈಗ ಯೋಚನೆ ಮಾಡಿ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಎರಡು ಬಕೆಟ್, ಎರಡು ಚೂರಿ ಇಟ್ಟುಕೊಂಡು ಇದನ್ನು ಪ್ರದರ್ಶನದಲ್ಲಿ ಮಾಡಿ ತೋರಿಸಿದ ಅಂತಿಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ನೋಟುಬುಕ್ಕು: ಯಾವ ದಿನ ಹೊಡೆದೆವು, ಎಷ್ಟು ದಿನ ಮಳೆ ಹಿಡಿಯಿತು, ಎಷ್ಟು ಗೊನೆ ಉದುರಿತು. ನೋಡೋದಕ್ಕೆ ಚಂದ ಇಲ್ಲ, ಸೆಲ್ಫಿಗೆ ಬರೋದಿಲ್ಲ. ಆದರೆ ನೋಡಿದ ಹತ್ತು ಜನ ಬೆಳೆಗಾರರಲ್ಲಿ ಇಬ್ಬರ ತೋಟ ಉಳಿದರೂ ಅದು ನಿಜವಾದ ವಸ್ತುಪ್ರದರ್ಶನ. ಬಹುಮಾನ ಕುಂಬಳಕಾಯಿಗೋ, ಈ ಬಕೆಟ್ಟಿಗೋ? ನೀವೇ ಹೇಳಿ.

ಓಹಾಯೋದ ಹುಡುಗರ ದಫ್ತರ

ಅಮೆರಿಕದ ಓಹಾಯೋ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ 1902ರಲ್ಲಿ ಎ.ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿಯ ಹುಡುಗ ಹುಡುಗಿಯರನ್ನು ಸೇರಿಸಿ ಒಂದು ಕ್ಲಬ್ ಮಾಡಿದರು. ಮೆಕ್ಕೆಜೋಳ ಬೆಳೆಯೋದು, ತರಕಾರಿ ಬೆಳೆಯೋದು, ಮಣ್ಣು ಪರೀಕ್ಷೆ ಮಾಡೋದು ಅವರ ಕೆಲಸ. ಅಂಥ ಕ್ಲಬ್ಬುಗಳೇ ಮುಂದೆ ಫೋರ್ ಹೆಚ್ ಅಂತ ದೇಶವೆಲ್ಲ ಹಬ್ಬಿದವು. ಗುರುತು ನಾಲ್ಕೆಲೆಯ ಹುಲ್ಲು. ತಲೆ, ಹೃದಯ, ಕೈ, ಆರೋಗ್ಯ, ಈ ನಾಲ್ಕಕ್ಕೆ ನಾಲ್ಕೆಲೆ.

ಅಲ್ಲಿನ ಎರಡು ಪದ್ಧತಿ ನಮಗೆ ಬೇಕು. ಒಂದು, ಕರು ಸಾಕಿದವರಾಗಲಿ ಜೋಳ ಬೆಳೆದವರಾಗಲಿ, ಮಕ್ಕಳು ವರ್ಷವಿಡೀ ದಫ್ತರ ಬರೆಯಬೇಕು: ಏನು ಹಾಕಿದೆ, ಏನು ಬಂತು, ಏನು ಕಲಿತೆ. ಎರಡು, ಜಾತ್ರೆಯಲ್ಲಿ ಬಹಳ ಕಡೆ ತೀರ್ಪು ಕೊಡೋದು ಒಬ್ಬರ ವಸ್ತುವನ್ನು ಇನ್ನೊಬ್ಬರದಕ್ಕೆ ಹೋಲಿಸಿ ಅಲ್ಲ, ಒಂದು ಮಟ್ಟ ಇಟ್ಟುಕೊಂಡು. ಮಟ್ಟ ಮುಟ್ಟಿದವರಿಗೆಲ್ಲ ನೀಲಿ ಪಟ್ಟಿ, ಅದಕ್ಕಿಂತ ಕಡಿಮೆ ಇದ್ದರೆ ಕೆಂಪು, ಆಮೇಲೆ ಬಿಳಿ. ಹತ್ತು ಮಕ್ಕಳು ಚೆನ್ನಾಗಿ ಮಾಡಿದ್ದರೆ ಹತ್ತು ನೀಲಿ. ನಮ್ಮಲ್ಲಿ ಹಾಗಲ್ಲ. ಒಬ್ಬನಿಗೆ ಪ್ರಥಮ, ಇನ್ನೊಬ್ಬನಿಗೆ ದ್ವಿತೀಯ, ಉಳಿದವರಿಗೆ ಸಮಾಧಾನಕರ. ಸಮಾಧಾನ ಯಾರಿಗೂ ಆಗೋದಿಲ್ಲ.

ನಮ್ಮಲ್ಲೂ ತೂಕ ಹಾಕಿ ಕೊಡುವ ಪ್ರಶಸ್ತಿ ಇಲ್ಲದೆ ಇಲ್ಲ. ಕೃಷಿ ಇಲಾಖೆಯ ಬೆಳೆ ಸ್ಪರ್ಧೆಯಲ್ಲಿ ಹೊಲದಲ್ಲೇ ಕೊಯ್ದು ಇಳುವರಿ ತೂಗ್ತಾರೆ. ಅಲ್ಲಿ ಮಾತಾಡೋದು ತಕ್ಕಡಿ. ಬೆಂಗಳೂರಿನ ಜಿ.ಕೆ.ವಿ.ಕೆ. ಕೃಷಿ ಮೇಳದಲ್ಲಿ ಯುವ ರೈತ, ಯುವ ರೈತ ಮಹಿಳೆ ಅಂತ ಬೇರೆ ಬೇರೆ ಪ್ರಶಸ್ತಿ ಕೊಡ್ತಾರೆ. ಹೆಣ್ಣುಮಕ್ಕಳಿಗೆ ಬೇರೆ ಅಂತ ಇಟ್ಟಿದ್ದು ಒಳ್ಳೇದೇ ಆಯಿತು. ನಮ್ಮ ಬ್ಯಾನರುಗಳಲ್ಲಿ ಅವರ ಮುಖ ಹುಡುಕಬೇಕು.

ಏಳು ಜನ, ಒಂದು ಪುಸ್ತಕ

ಸಂಘ ಕಟ್ಟೋದು ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಾಕು. ಕಷ್ಟ ಶುರುವಾಗೋದು ಆಮೇಲೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೀಬೇಕು, ಲೆಕ್ಕ ಒಪ್ಪಿಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಿ ಕಚೇರಿಗೆ ಕೊಡಬೇಕು. ಉತ್ಸಾಹದಲ್ಲಿ ಶುರುವಾದ ಎಷ್ಟೋ ಸಂಘ ಸಾಯೋದು ಜಗಳದಿಂದಲ್ಲ, ಈ ಕಾಗದ ಕೊಡದೆ. ಕಾರ್ಯದರ್ಶಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ತು, ಪುಸ್ತಕ ಅವರ ಮನೆ ಅಟ್ಟಕ್ಕೆ ಹೋಯ್ತು, ಮುಗೀತು. ಅಲ್ಲಿಗೆ ಅನುದಾನಕ್ಕೂ ಅರ್ಜಿ ಹಾಕುವ ಹಾಗಿಲ್ಲ, ಪ್ರಶಸ್ತಿಗೂ ಹಾಕುವ ಹಾಗಿಲ್ಲ.

ಬೆಂಗಳೂರಿಗೆ ಹೋಗಬೇಡಿ ಅನ್ನೋದಕ್ಕೆ ನಮಗೇನು ಬಾಯಿ? ಭದ್ರಾವತಿಯ ಕಥೆ ಎಲ್ಲರಿಗೂ ಗೊತ್ತು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಸುದ್ದಿ 2023ರಲ್ಲಿ, ಸರಿಯಾಗಿ ನೂರನೇ ವರ್ಷಕ್ಕೆ ಬಂತು. ಅಪ್ಪನ ನಂತರ ಮಗನಿಗೂ ಫ್ಯಾಕ್ಟರಿ ಕೆಲಸ ಅಂತ ನಂಬಿದ್ದ ಮನೆಗಳಲ್ಲಿ ಈಗ ಮಗ ಏನು ಕಲೀಬೇಕು ಅನ್ನೋದೇ ಚಿಂತೆ. ಊರಲ್ಲಿ ಉಳಿಯೋ ಹುಡುಗನಿಗೆ ಜೇನುಪೆಟ್ಟಿಗೆಯೋ, ಅಣಬೆಯೋ, ನರ್ಸರಿಯೋ, ಒಂದು ಕಸುಬನ್ನು ಲೆಕ್ಕ ಇಟ್ಟು ಮಾಡಿ ನೋಡೋದಕ್ಕೆ ಯುವಕ ಸಂಘಕ್ಕಿಂತ ಅಗ್ಗದ ಶಾಲೆ ಇಲ್ಲ. ತಪ್ಪಿದರೆ ನಷ್ಟ ಎಂಟು ಜನರಿಗೆ ಹಂಚಿ ಹೋಗ್ತದೆ, ಗೆದ್ದರೆ ಎಂಟು ಜನ ಕಲೀತಾರೆ.

ಆದ್ದರಿಂದ ಅಂಗಡಿಯವರಿಗೆ ಒಂದು ಅರಿಕೆ. ಮುಂದಿನ ಸಲ ರಶೀದಿ ಪುಸ್ತಕ ಬಂದಾಗ ಬೈಯಬೇಡಿ, ಓಡಿಸಬೇಡಿ. ಕೂರಿಸಿ, ಒಂದು ಟೀ ಕೊಡಿ, ಮೂರೇ ಮಾತು ಕೇಳಿ. ಹೋದ ವರ್ಷ ಏನು ಮಾಡಿದಿರಿ? ಬರೆದಿಟ್ಟಿದ್ದೀರಾ? ಈ ವರ್ಷ ಏನು ಮಾಡ್ತೀರಿ? ಉತ್ತರ ಇದ್ದವರಿಗೆ ನೂರರ ಜಾಗದಲ್ಲಿ ಇನ್ನೂರು ಕೊಡಿ. ಇಲ್ಲದವರಿಗೆ 40 ರೂಪಾಯಿಯ ಒಂದು ನೋಟುಬುಕ್ಕು ಕೊಟ್ಟು, ತುಂಬಿಸಿಕೊಂಡು ಬನ್ನಿ ತಮ್ಮಾ, ಶೀಲ್ಡು ನನ್ನದು, ಅನ್ನಿ.

ವೇದಿಕೆ ಹತ್ತುವ ಗಣ್ಯರಿಗೂ ಇದೇ ಮಾತು. ಶಾಲು ಹೊದಿಸುವ ಮೊದಲು ಪುಸ್ತಕ ಒಮ್ಮೆ ತಿರುವಿ ನೋಡಿ. ಶಾಲು ಬೀರುವಿಗೆ ಹೋಗ್ತದೆ, ಹಾರ ಸಂಜೆಯೊಳಗೆ ಬಾಡ್ತದೆ. ಪುಸ್ತಕ ಮುಂದಿನ ಕಾರ್ಯದರ್ಶಿಗೆ ಉಳಿಯುತ್ತದೆ.