ಶೇಕಡಾ ಬೇರೆ, ಡಿಗ್ರಿ ಬೇರೆ

ನಾನು ಕಾಮರ್ಸ್ ವಿದ್ಯಾರ್ಥಿ. ಲಾಭ, ಬಡ್ಡಿ, ತೆರಿಗೆ ಎಲ್ಲದಕ್ಕೂ ಶೇಕಡಾ ಹಾಕುವುದೇ ನಮ್ಮ ಕೆಲಸ. ಆದರೂ ಅದೇ ಶೇಕಡಾ ತಿಳಿಯದೆ ನಮ್ಮ ದಾದಿಯನ್ನು ಬೀಳಿಸುವುದರಲ್ಲಿದ್ದೆ.

ಕಾಲಿನ ಆಪರೇಷನ್ ಆದ ಮೇಲೆ ದಾದಿ ವ್ಹೀಲ್‌ಚೇರ್‌ನಲ್ಲೇ ಓಡಾಡುತ್ತಾರೆ. ನಮ್ಮ ಮನೆ ಮುಂದಿನ ಮೆಟ್ಟಿಲುಗಳ ಎತ್ತರ 18 ಇಂಚು. ರ‍್ಯಾಂಪ್ ಕಟ್ಟಿಸೋಣ ಎಂದರು ಅಬ್ಬಾ. ಇಳಿಜಾರು ಎಷ್ಟಿರಬೇಕೆಂದು ಹುಡುಕುವ ಕೆಲಸ ನನ್ನದಾಯಿತು. 1:12ಕ್ಕಿಂತ ಕಡಿದಾಗಿರಬಾರದು ಎಂದು ಓದಿ, ಮೇಸ್ತ್ರಿಗೆ ‘12 ಡಿಗ್ರಿ’ ಎಂದುಬಿಟ್ಟೆ. ಹಲಗೆಯ ಮೇಲೆ ಮೊಬೈಲ್ ಇಟ್ಟು 12 ತೋರಿಸುವಂತೆ ಹೊಂದಿಸಿದವನೂ ನಾನೇ. ರ‍್ಯಾಂಪ್ 7 ಅಡಿಯಲ್ಲೇ ಮುಗಿಯಿತು. ಮೊದಲ ದಿನ ದಾದಿಯನ್ನು ಇಳಿಸುವಾಗ ಕುರ್ಚಿ ನನ್ನನ್ನೂ ಎಳೆದುಕೊಂಡು ಓಡಿತು. ಕೆಳಗೆ ನಿಂತಿದ್ದ ಅಬ್ಬಾ ಹಿಡಿದುಕೊಂಡರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. 1:12 ಎಂದರೆ 12 ಅಡಿ ಮುಂದೆ ಹೋದಾಗ 1 ಅಡಿ ಏರುವುದು. ಎತ್ತರವನ್ನು ನೆಲದ ಮೇಲಿನ ದೂರದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ: 1 ÷ 12 × 100 = 8.33. ಡಿಗ್ರಿ ಎಂದರೆ ನೆಲಕ್ಕೂ ಇಳಿಜಾರಿಗೂ ನಡುವಿನ ಕೋನ. ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ‘ಟ್ಯಾನ್’ ನೆನಪಿದೆಯೇ? ಅಭಿಮುಖ ಬಾಹು ಭಾಗಿಸು ಪಾರ್ಶ್ವ ಬಾಹು. ಇಳಿಜಾರಿನ ಲೆಕ್ಕವೂ ಅದೇ.

ಶೇಕಡಾದಿಂದ ಡಿಗ್ರಿಗೆ: 100ರಿಂದ ಭಾಗಿಸಿ, ಟ್ಯಾನ್ ಇನ್ವರ್ಸ್ ಒತ್ತಿ. ಶೇ. 8.33ಕ್ಕೆ 4.76 ಡಿಗ್ರಿ.

ಡಿಗ್ರಿಯಿಂದ ಶೇಕಡಾಕ್ಕೆ: ಟ್ಯಾನ್ ಕಂಡುಹಿಡಿದು 100ರಿಂದ ಗುಣಿಸಿ. 12 ಡಿಗ್ರಿಗೆ ಶೇ. 21.3. ಅಂದರೆ ನಾನು ಕಟ್ಟಿಸಿದ್ದು ಎರಡೂವರೆ ಪಟ್ಟು ಕಡಿದು!

ಕ್ಯಾಲ್ಕ್ಯುಲೇಟರ್ ‘ಡಿಗ್ರಿ’ ಮೋಡ್‌ನಲ್ಲಿರಲಿ. ‘ರೇಡಿಯನ್’ನಲ್ಲಿದ್ದರೆ ಉತ್ತರವೇ ಬೇರೆ ಬರುತ್ತದೆ. ಕ್ಯಾಲ್ಕ್ಯುಲೇಟರ್ ಇಲ್ಲದಿದ್ದರೆ ಶೇಕಡಾವನ್ನು 0.57ರಿಂದ ಗುಣಿಸಿ. ಸುಮಾರು ಶೇ. 20ರವರೆಗೆ ಉತ್ತರ ಹತ್ತಿರ ಬರುತ್ತದೆ, ಆಮೇಲೆ ನಂಬಬೇಡಿ. ಶೇ. 100 ಎಂದರೆ 57 ಡಿಗ್ರಿಯಲ್ಲ, 45 ಡಿಗ್ರಿ. ಅಲ್ಲಿ ಎತ್ತರವೂ ದೂರವೂ ಸಮ. ಶೇ. 100 ಎಂದರೆ ನೆಟ್ಟಗಿನ ಗೋಡೆ ಎಂದೇ ನಾನು ತಿಳಿದಿದ್ದೆ. ಗೋಡೆಯಲ್ಲಿ ದೂರ ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು, ಹಾಗಾಗಿ 90 ಡಿಗ್ರಿಗೆ ಶೇಕಡಾವೇ ಇಲ್ಲ.

ಹೊಸ ರ‍್ಯಾಂಪ್‌ಗೆ 18 × 12 = 216 ಇಂಚು, ಅಂದರೆ 18 ಅಡಿ ಬೇಕಾಯಿತು. ಅಂಗಳದಲ್ಲಿ ಅಷ್ಟು ಉದ್ದವಿಲ್ಲ. 9 ಅಡಿಗೆ ಸಮತಟ್ಟು ಜಾಗ ಬಿಟ್ಟು, ಅಲ್ಲಿಂದ ತಿರುಗಿಸಿ ಕಟ್ಟಿದರು. ದಾದಿ ಈಗ ಸಂಜೆ ಗೇಟಿನ ಹತ್ತಿರ ಬಂದು ಕೂರುತ್ತಾರೆ. ಎರಡನೇ ಸಲದ ಸಿಮೆಂಟಿನ ಖರ್ಚನ್ನು ಅಬ್ಬಾ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿಗೆ ಬರೆದಿದ್ದಾರೆ.