23 ಲಕ್ಷ ಕೊಟ್ಟರೆ ದುಬೈನಲ್ಲಿ ಜೀವನಪೂರ್ತಿ ಇರಬಹುದಾ? ಗೋಲ್ಡನ್ ವೀಸಾ ಫಾರ್ವರ್ಡ್‌ನ ಅಸಲಿಯತ್ತು

ನಿಮ್ಮ ಫ್ಯಾಮಿಲಿ ಗ್ರೂಪ್‌ನಲ್ಲೂ ಈ ಮೆಸೇಜ್ ಬಂದಿರಬಹುದು. ಭಾರತೀಯರಿಗೆ ಯುಎಇ ಸರ್ಕಾರ ಆಜೀವ ಗೋಲ್ಡನ್ ವೀಸಾ ಕೊಡುತ್ತಿದೆ, ಮನೆ ಖರೀದಿಸಬೇಕಿಲ್ಲ, ಬಿಸಿನೆಸ್ ಬೇಕಿಲ್ಲ, ಒಂದು ಲಕ್ಷ ದಿರ್ಹಂ ಅಂದರೆ ಸುಮಾರು 23.3 ಲಕ್ಷ ರೂಪಾಯಿ ಕಟ್ಟಿದರೆ ಸಾಕು ಎನ್ನುತ್ತದೆ ಅದು. ಇದರ ಜೊತೆಗೇ ಓಡಾಡುವ ಇನ್ನೊಂದು ಮೆಸೇಜ್ ಇದೆ: ಗಲ್ಫ್‌ನಲ್ಲಿ ಹದಿನೈದು-ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ಶಾಶ್ವತ ವಾಸದ ಹಕ್ಕು ತಾನಾಗಿಯೇ ಸಿಗುತ್ತದೆ, ಅರ್ಜಿ ಹಾಕಿದರೆ ಆಯಿತು. ಎರಡನ್ನೂ ಓದುಗರು ನಮಗೆ ಕಳಿಸಿ ನಿಜವಾ ಎಂದು ಕೇಳಿದ್ದಾರೆ.

ಮೊದಲನೆಯದು ಸುಳ್ಳು. ಎರಡನೆಯದು ಯುಎಇ ಮಟ್ಟಿಗೆ ಸುಳ್ಳು, ಬೇರೆ ಒಂದೆರಡು ಗಲ್ಫ್ ದೇಶಗಳ ಮಟ್ಟಿಗೆ ಅರ್ಧ ಸತ್ಯ. ಆ ಅರ್ಧ ಸತ್ಯದಿಂದಲೇ ಜನ ಮೋಸ ಹೋಗುವುದು, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಈ 23 ಲಕ್ಷದ ಲೆಕ್ಕ ಎಲ್ಲಿಂದ ಬಂತು?

2025ರ ಜುಲೈ ಮೊದಲ ವಾರ ಭಾರತದ ಬಹುತೇಕ ಪತ್ರಿಕೆ, ಟಿವಿ, ವೆಬ್‌ಸೈಟ್‌ಗಳಲ್ಲಿ ಈ ಸುದ್ದಿ ಬಂತು. ಅಂದರೆ ಇದು ಯಾರೋ ಮನೆಯಲ್ಲಿ ಕೂತು ಟೈಪ್ ಮಾಡಿದ ಮೆಸೇಜ್ ಅಲ್ಲ, ಸುದ್ದಿಯಾಗಿಯೇ ಹುಟ್ಟಿದ್ದು. ನಾಮನಿರ್ದೇಶನದ ಆಧಾರದ ಮೇಲೆ ಹೊಸ ಗೋಲ್ಡನ್ ವೀಸಾ ಬಂದಿದೆ, ಮೊದಲ ಹಂತದಲ್ಲಿ ಭಾರತ ಮತ್ತು ಬಾಂಗ್ಲಾದೇಶದವರಿಗೆ ಅವಕಾಶ, ಅರ್ಜಿ ಪರಿಶೀಲನೆಯ ಕೆಲಸ ಒಂದು ಖಾಸಗಿ ಸಲಹಾ ಸಂಸ್ಥೆಗೆ ಸಿಕ್ಕಿದೆ ಎಂದು ವರದಿಯಾಗಿತ್ತು. ಎರಡು-ಮೂರು ದಿನಗಳಲ್ಲೇ ಯುಎಇಯ ಐಸಿಪಿ ಅದನ್ನು ಅಲ್ಲಗಳೆಯಿತು. ಐಸಿಪಿ ಅಂದರೆ ಆ ದೇಶದಲ್ಲಿ ಗುರುತಿನ ಚೀಟಿ, ಪೌರತ್ವ, ಕಸ್ಟಮ್ಸ್ ಮತ್ತು ಗಡಿ ಭದ್ರತೆ ನೋಡಿಕೊಳ್ಳುವ ಫೆಡರಲ್ ಪ್ರಾಧಿಕಾರ. ಗೋಲ್ಡನ್ ವೀಸಾ ಅರ್ಜಿಗಳು ಸರ್ಕಾರಿ ಮಾರ್ಗದಲ್ಲೇ ನಡೆಯುತ್ತವೆ, ದೇಶದ ಒಳಗಿನ ಅಥವಾ ಹೊರಗಿನ ಯಾವ ಸಲಹಾ ಸಂಸ್ಥೆಗೂ ಈ ವಿಷಯದಲ್ಲಿ ಅಧಿಕಾರ ಇಲ್ಲ ಎಂದು ಅದು ಸ್ಪಷ್ಟಪಡಿಸಿತು. ಆ ಸಂಸ್ಥೆಯೂ ಗೊಂದಲಕ್ಕೆ ಕ್ಷಮೆ ಕೇಳಿ, ಈ ಸೇವೆ ನಿಲ್ಲಿಸಿರುವುದಾಗಿ ಹೇಳಿತು.

ಕ್ಷಮೆ ಕೇಳಿದ್ದು ಎಷ್ಟು ಗ್ರೂಪ್‌ಗಳಿಗೆ ಫಾರ್ವರ್ಡ್ ಆಯಿತೋ ಗೊತ್ತಿಲ್ಲ, ಮೊದಲ ಸುದ್ದಿಯಂತೂ ಇನ್ನೂ ಸುತ್ತುತ್ತಿದೆ. ಸುದ್ದಿಯ ಸ್ಕ್ರೀನ್‌ಶಾಟ್ ಅಸಲಿ ಆಗಿರುವುದರಿಂದ ಕೆಲವರು ‘ಪೇಪರ್‌ನಲ್ಲೇ ಬಂದಿದೆ ನೋಡಿ’ ಎಂದು ವಾದಿಸುತ್ತಾರೆ. ಬಂದಿದ್ದು ಹೌದು. ಆಮೇಲೆ ಅದೇ ಪೇಪರ್‌ಗಳಲ್ಲಿ ನಿರಾಕರಣೆಯೂ ಬಂತು.

ಹಾಗಾದರೆ ಗೋಲ್ಡನ್ ವೀಸಾ ಅನ್ನೋದೇ ಇಲ್ವಾ?

ಇದೆ. 2019ರಲ್ಲಿ ಶುರುವಾಯಿತು, 2022ರ ಅಕ್ಟೋಬರ್‌ನಲ್ಲಿ ನಿಯಮಗಳನ್ನು ಸಡಿಲಿಸಿದರು. ಅದರ ಅವಧಿ ವರ್ಗಕ್ಕೆ ತಕ್ಕಂತೆ 5 ಅಥವಾ 10 ವರ್ಷ, ಅರ್ಹತೆ ಉಳಿದಿದ್ದರೆ ನವೀಕರಣ. ‘ಆಜೀವ’ ಎಂಬ ಮಾತು ನಿಯಮದಲ್ಲಿ ಎಲ್ಲೂ ಇಲ್ಲ.

ಯಾರಿಗೆ ಸಿಗುತ್ತದೆ? ಕನಿಷ್ಠ 20 ಲಕ್ಷ ದಿರ್ಹಂ ಬೆಲೆಯ ಆಸ್ತಿ ಇದ್ದವರಿಗೆ. ಆ ಫಾರ್ವರ್ಡ್‌ನ ದರದಲ್ಲೇ ಲೆಕ್ಕ ಹಾಕಿದರೆ ಸುಮಾರು 4.66 ಕೋಟಿ ರೂಪಾಯಿ. ಇಲ್ಲವೇ ಪದವಿ ಓದಿ, ಉನ್ನತ ದರ್ಜೆಯ ಹುದ್ದೆಯಲ್ಲಿದ್ದು, ತಿಂಗಳಿಗೆ ಕನಿಷ್ಠ 30,000 ದಿರ್ಹಂ, ಅಂದರೆ ಹತ್ತಿರ ಹತ್ತಿರ 7 ಲಕ್ಷ ರೂಪಾಯಿ ಸಂಬಳ ಇರುವವರಿಗೆ. ವಿಜ್ಞಾನಿಗಳು, ವೈದ್ಯರು, ಕಲಾವಿದರು, ಓದಿನಲ್ಲಿ ಅಗ್ರಸ್ಥಾನ ಪಡೆದ ವಿದ್ಯಾರ್ಥಿಗಳಿಗೂ ಬೇರೆ ಬೇರೆ ದಾರಿಗಳಿವೆ. ಕೆಲವು ವರ್ಗಗಳಲ್ಲಿ ನಾಮನಿರ್ದೇಶನ ಎಂಬ ಹಂತವೂ ನಿಜಕ್ಕೂ ಇದೆ. ಫಾರ್ವರ್ಡ್ ಬರೆದವರು ಆ ಪದವನ್ನು ಅಲ್ಲಿಂದಲೇ ಎತ್ತಿಕೊಂಡಿರಬೇಕು. ಆದರೆ ಅದು ಸರ್ಕಾರಿ ಪ್ರಕ್ರಿಯೆ, ಕೌಂಟರ್‌ನಲ್ಲಿ ಮಾರುವ ಟಿಕೆಟ್ ಅಲ್ಲ.

ಈ ಪಟ್ಟಿಯಲ್ಲಿ ‘ಎಷ್ಟು ವರ್ಷ ಇಲ್ಲಿದ್ದೀರಿ’ ಎಂಬ ಪ್ರಶ್ನೆಯೇ ಇಲ್ಲ ಎನ್ನುವುದನ್ನು ಗಮನಿಸಿ. ಎರಡನೇ ಮೆಸೇಜ್ ಎಡವುವುದು ಇಲ್ಲೇ.

ಇಪ್ಪತ್ತು ವರ್ಷ ಇದ್ದರೂ ಲೆಕ್ಕಕ್ಕಿಲ್ಲವೇ?

ಮಂಗಳೂರು, ಉಡುಪಿ, ಭಟ್ಕಳ ಕಡೆ ಗಲ್ಫ್‌ಗೆ ಹೋದವರಿಲ್ಲದ ಬೀದಿ ಹುಡುಕುವುದು ಕಷ್ಟ. ಅಂಗಡಿ, ಹೋಟೆಲ್, ಕಟ್ಟಡ, ಕಚೇರಿ ಕೆಲಸ ಎಂದು ಹೋಗಿ ಅರ್ಧ ಆಯಸ್ಸು ಅಲ್ಲೇ ಕಳೆದವರಿದ್ದಾರೆ. ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಓದಿದ್ದಾರೆ. ಹಾಗಿದ್ದ ಮೇಲೆ ಒಂದು ಹಕ್ಕು ಹುಟ್ಟಬೇಕಲ್ಲ ಎನ್ನಿಸುವುದು ಸಹಜ. ಬೇರೆ ಕೆಲವು ದೇಶಗಳಲ್ಲಿ ಹುಟ್ಟುತ್ತದೆ ಕೂಡ. ಬ್ರಿಟನ್‌ನಲ್ಲಿ ಕೆಲಸದ ವೀಸಾದ ಮೇಲೆ 5 ವರ್ಷ ಕಳೆದವರು, ಯಾವ 12 ತಿಂಗಳಲ್ಲೂ 180 ದಿನಕ್ಕಿಂತ ಹೆಚ್ಚು ಹೊರಗಿರದೆ, ಪರೀಕ್ಷೆಯನ್ನೂ ಪಾಸು ಮಾಡಿದ್ದರೆ ಕಾಯಂ ವಾಸಕ್ಕೆ ಅರ್ಜಿ ಹಾಕುವ ಪದ್ಧತಿ ಬೆಳೆದು ಬಂದಿದೆ. ಈ 5 ವರ್ಷವನ್ನು 10ಕ್ಕೆ ಏರಿಸುವ ಪ್ರಸ್ತಾಪವನ್ನು ಅಲ್ಲಿನ ಸರ್ಕಾರ 2025ರಲ್ಲಿ ಮುಂದಿಟ್ಟಿತು. ಯುರೋಪಿಯನ್ ಒಕ್ಕೂಟದ ಹೆಚ್ಚಿನ ದೇಶಗಳಲ್ಲೂ 5 ವರ್ಷದ ಲೆಕ್ಕ ಇದೆ.

ಗಲ್ಫ್ ದೇಶಗಳ ವ್ಯವಸ್ಥೆ ಬುಡದಿಂದಲೇ ಬೇರೆ. ಅಲ್ಲಿ ವಾಸದ ಪರವಾನಗಿ ನಿಮಗೆ ಅಂಟಿಕೊಂಡಿರುವುದಿಲ್ಲ, ನಿಮ್ಮ ಕೆಲಸಕ್ಕೆ, ಅಂದರೆ ನಿಮ್ಮ ಪ್ರಾಯೋಜಕನಿಗೆ ಅಂಟಿಕೊಂಡಿರುತ್ತದೆ. ಕಫೀಲ್ ಎನ್ನುವ ಪದ ಊರಲ್ಲಿ ಎಲ್ಲರಿಗೂ ಗೊತ್ತು. ಯುಎಇಯಲ್ಲಿ ಸಾಮಾನ್ಯವಾಗಿ ಎರಡು ವರ್ಷದ ವೀಸಾ ಸಿಗುತ್ತದೆ, ಮುಗಿದಾಗ ನವೀಕರಣ. ಹತ್ತು ಸಲ ನವೀಕರಿಸಿದರೆ ಇಪ್ಪತ್ತು ವರ್ಷ ಆಗುತ್ತದೆ ನಿಜ, ಆದರೆ ಕಾನೂನಿನ ಕಣ್ಣಿಗೆ ಅದು ಎರಡು ವರ್ಷದ ಹತ್ತು ವೀಸಾಗಳು, ಅಷ್ಟೇ. ಕೆಲಸ ಹೋದರೆ ಸಿಗುವುದು ನಿಗದಿತ ದಿನಗಳ ವಿನಾಯಿತಿ ಅವಧಿ ಮಾತ್ರ. ಆರು ತಿಂಗಳಿಗಿಂತ ಹೆಚ್ಚು ಕಾಲ ದೇಶದ ಹೊರಗಿದ್ದರೆ ಸಾಮಾನ್ಯ ವೀಸಾ ರದ್ದಾಗುತ್ತದೆ.

ಗೋಲ್ಡನ್ ವೀಸಾಕ್ಕೆ ಇಷ್ಟು ಆಕರ್ಷಣೆ ಇರುವುದೂ ಇದೇ ಕಾರಣಕ್ಕೆ. ಅದಕ್ಕೆ ಪ್ರಾಯೋಜಕ ಬೇಕಿಲ್ಲ, ಆರು ತಿಂಗಳ ನಿಯಮ ಅನ್ವಯಿಸುವುದಿಲ್ಲ, ಹೆಂಡತಿ ಅಥವಾ ಗಂಡನನ್ನೂ ಮಕ್ಕಳನ್ನೂ ಅವರ ವಯಸ್ಸು ನೋಡದೆ ಜೊತೆಗಿಟ್ಟುಕೊಳ್ಳಬಹುದು. ಸಾಮಾನ್ಯ ವೀಸಾದಲ್ಲಿ ಗಂಡುಮಕ್ಕಳನ್ನು 25 ವರ್ಷದವರೆಗೆ, ಅದೂ ಮದುವೆಯಾಗಿರದಿದ್ದರೆ ಮಾತ್ರ ಇಟ್ಟುಕೊಳ್ಳಲು ಸಾಧ್ಯ.

ಕತಾರ್, ಬಹರೇನ್, ಸೌದಿ: ಅರ್ಧ ಸತ್ಯ ಇರುವುದು ಇಲ್ಲಿ

ಕತಾರ್ 2018ರಲ್ಲಿ ಶಾಶ್ವತ ವಾಸದ ಕಾನೂನು ತಂದಿತು. ಹೊರಗೆ ಹುಟ್ಟಿದವರು 20 ವರ್ಷ, ಕತಾರ್‌ನಲ್ಲೇ ಹುಟ್ಟಿದವರು 10 ವರ್ಷ ಕಾನೂನುಬದ್ಧವಾಗಿ ವಾಸಿಸಿದ್ದರೆ ಅರ್ಜಿ ಹಾಕಬಹುದು. ‘20 ವರ್ಷ ಆದರೆ ಸಾಕು’ ಎಂಬ ಮೆಸೇಜ್‌ನ ಬೇರು ಇದೇ. ಫಾರ್ವರ್ಡ್ ಬಿಟ್ಟುಬಿಡುವ ಷರತ್ತುಗಳು ಮಾತ್ರ ಸಣ್ಣವಲ್ಲ. ವಾಸ ನಿರಂತರವಾಗಿರಬೇಕು, ವರ್ಷಕ್ಕೆ 60 ದಿನಕ್ಕಿಂತ ಹೆಚ್ಚು ಹೊರಗೆ ಇರುವಂತಿಲ್ಲ. ಎರಡು ತಿಂಗಳ ರಜೆಗೆ ಊರಿಗೆ ಬಂದು, ತಂಗಿಯ ಮದುವೆಗೋ ಮಳೆಗಾಲ ಮುಗಿಯಲೆಂದೋ ಇನ್ನೊಂದು ವಾರ ನಿಂತವರಿಗೆ ಇದರ ಬಿಸಿ ಅರ್ಥವಾದೀತು. ಸಾಕಷ್ಟು ಆದಾಯ, ಒಳ್ಳೆಯ ನಡತೆಯ ದಾಖಲೆ, ಅರಬ್ಬಿ ಭಾಷೆಯ ತಿಳಿವಳಿಕೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷಕ್ಕೆ ಇಂತಹ 100 ಪರವಾನಗಿಗಳ ಮಿತಿ ಇದೆ. ಇಡೀ ದೇಶಕ್ಕೆ, ಎಲ್ಲ ದೇಶದವರೂ ಸೇರಿ ನೂರು.

ಬಹರೇನ್ 2022ರಲ್ಲಿ ತಂದ ಗೋಲ್ಡನ್ ರೆಸಿಡೆನ್ಸಿಯಲ್ಲಿ ಕೆಲಸದ ವರ್ಷಗಳಿಗೆ ಬೆಲೆ ಇದೆ. ಅಲ್ಲಿ ಕನಿಷ್ಠ 5 ವರ್ಷ ದುಡಿದು, ಆ ಅವಧಿಯಲ್ಲಿ ಸರಾಸರಿ ಮೂಲವೇತನ ತಿಂಗಳಿಗೆ 2,000 ದಿನಾರ್ ಇದ್ದಿರಬೇಕು. ರೂಪಾಯಿಯಲ್ಲಿ ಸುಮಾರು ನಾಲ್ಕೂವರೆ ಲಕ್ಷ. ಸೌದಿಯದ್ದು ನೇರ ವ್ಯವಹಾರ: 2019ರಿಂದ ಪ್ರೀಮಿಯಂ ರೆಸಿಡೆನ್ಸಿ ಇದೆ, ಅವಧಿಯ ಮಿತಿ ಇಲ್ಲದ ಬಗೆಗೆ ಒಮ್ಮೆಗೆ 8 ಲಕ್ಷ ರಿಯಾಲ್. ‘ದುಡ್ಡು ಕೊಟ್ಟರೆ ಆಜೀವ ವಾಸ’ ಎಂಬ ಮಾತಿಗೆ ಗಲ್ಫ್‌ನಲ್ಲಿ ಹತ್ತಿರ ಬರುವುದು ಇದೊಂದೇ ಅನ್ನಬಹುದು. ಬೆಲೆ ಮಾತ್ರ 23 ಲಕ್ಷವಲ್ಲ, ಒಂದೂಮುಕ್ಕಾಲು ಕೋಟಿ ದಾಟುತ್ತದೆ.

ಈ 23 ಲಕ್ಷ ಯಾರ ದುಡ್ಡು?

ಕೋಟಿ ಇದ್ದವರು ಇಂತಹ ಮೆಸೇಜ್ ನಂಬಿ ಹಾಳಾಗುವುದಿಲ್ಲ, ಅವರಿಗೆ ಲಾಯರ್ ಇರುತ್ತಾರೆ. 23 ಲಕ್ಷ ಎನ್ನುವುದು ವಿಚಿತ್ರ ಮೊತ್ತ. ಮಧ್ಯಮ ವರ್ಗದವರು ಜಾಗ ಮಾರಿ, ಒಡವೆ ಅಡವಿಟ್ಟು ಹೊಂದಿಸಲು ಸಾಧ್ಯವಾಗುವಂಥದ್ದು. ಒಂದು ಲೆಕ್ಕ ಹಾಕೋಣ. ಯುಎಇ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲಿನ ವರ್ಷಗಳಿಗೆ 30 ದಿನದ ಮೂಲವೇತನ. 2,000 ದಿರ್ಹಂ ಮೂಲವೇತನದ ವ್ಯಕ್ತಿ 20 ವರ್ಷ ದುಡಿದರೆ 105 ದಿನ ಮತ್ತು 450 ದಿನ, ಒಟ್ಟು 555 ದಿನದ ವೇತನ. ಅಂದರೆ 37,000 ದಿರ್ಹಂ, ಸುಮಾರು 8.6 ಲಕ್ಷ ರೂಪಾಯಿ. ಇಪ್ಪತ್ತು ವರ್ಷದ ದುಡಿಮೆಗೆ ಕೊನೆಯಲ್ಲಿ ಕೈಗೆ ಬರುವ ಇಡಿಗಂಟು ಇಷ್ಟು. ಏಜೆಂಟ್ ಕೇಳುವುದು ಅದರ ಎರಡೂವರೆ ಪಟ್ಟಿಗೂ ಹೆಚ್ಚು, ಅದೂ ಇಲ್ಲದ ವೀಸಾಕ್ಕೆ.

ಅಸಲಿ ಗೋಲ್ಡನ್ ವೀಸಾದ ಸರ್ಕಾರಿ ಶುಲ್ಕ ಕೆಲವು ಸಾವಿರ ದಿರ್ಹಂಗಳಲ್ಲಿ ಮುಗಿಯುತ್ತದೆ. ಅಲ್ಲಿನ ಟೈಪಿಂಗ್ ಸೆಂಟರ್‌ಗಳು ಅರ್ಜಿ ತುಂಬಿಕೊಡುತ್ತವೆ, ಅದಕ್ಕೆ ಸಣ್ಣ ಸೇವಾಶುಲ್ಕ ತೆಗೆದುಕೊಳ್ಳುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ‘ಒಳಗೆ ನಮ್ಮವರಿದ್ದಾರೆ, ಆಗಿಯೇ ಆಗುತ್ತದೆ’ ಎನ್ನುವವರು ಟೈಪಿಂಗ್ ಸೆಂಟರ್‌ನವರಾದರೂ ಸರಿ, ಊರಿನ ಪರಿಚಯದವರಾದರೂ ಸರಿ, ತೀರ್ಮಾನ ಅವರ ಕೈಯಲ್ಲಿಲ್ಲ.

ಪಾಸ್‌ಪೋರ್ಟ್ ಹೋಗುತ್ತದೆ ಎಂಬ ಭಯ

ಇದು ಉಲ್ಟಾ ದಿಕ್ಕಿನ ಫಾರ್ವರ್ಡ್. ಬೇರೆ ದೇಶದ ಶಾಶ್ವತ ವಾಸ ಪಡೆದರೆ ಭಾರತದ ಪೌರತ್ವ ರದ್ದಾಗುತ್ತದೆ ಎಂದು ಹೆದರಿಸುತ್ತದೆ. ವಾಸದ ಪರವಾನಗಿ ಬೇರೆ, ಪೌರತ್ವ ಬೇರೆ. ನಮ್ಮ ಸಂವಿಧಾನದ 9ನೇ ವಿಧಿ ಹೇಳುವುದು ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಬಗ್ಗೆ. ಗೋಲ್ಡನ್ ವೀಸಾ, ಗ್ರೀನ್ ಕಾರ್ಡ್, ಕೆನಡಾದ ಪಿಆರ್, ಇವು ಯಾವುವೂ ಪೌರತ್ವ ಅಲ್ಲ. ಭಾರತದ ಪಾಸ್‌ಪೋರ್ಟ್ ನಿಮ್ಮದೇ ಆಗಿರುತ್ತದೆ, ಅನಿವಾಸಿ ಮತದಾರರಾಗಿ ಫಾರ್ಮ್ 6ಎ ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರನ್ನೂ ಸೇರಿಸಬಹುದು. ಮತ ಹಾಕಲು ಮಾತ್ರ ಊರಿಗೇ ಬರಬೇಕು.

ಯುಎಇ 2021ರಲ್ಲಿ ಆಯ್ದ ಹೂಡಿಕೆದಾರರು, ವೈದ್ಯರು, ವಿಜ್ಞಾನಿಗಳು, ಕಲಾವಿದರಿಗೆ ಪೌರತ್ವ ಕೊಡಲು ಕಾನೂನು ತಿದ್ದಿತು, ಹಳೆಯ ಪೌರತ್ವ ಇಟ್ಟುಕೊಳ್ಳಲೂ ಅದು ಬಿಡುತ್ತದೆ. ಆದರೆ ಭಾರತ ಬಿಡುವುದಿಲ್ಲ. ಅದಕ್ಕೆ ಅರ್ಜಿ ಹಾಕುವ ದಾರಿಯೂ ಇಲ್ಲ, ಅಲ್ಲಿನ ಸರ್ಕಾರವೇ ಹೆಸರಿಸಬೇಕು.

ನಿವೃತ್ತಿ ಆದ ಮೇಲೂ ಅಲ್ಲೇ ಇರಬೇಕೆಂದರೆ?

55 ವರ್ಷ ದಾಟಿ ನಿವೃತ್ತರಾದವರಿಗೆ ಯುಎಇಯಲ್ಲಿ 5 ವರ್ಷದ ನಿವೃತ್ತಿ ವೀಸಾ ಇದೆ, ನವೀಕರಿಸಬಹುದು. 10 ಲಕ್ಷ ದಿರ್ಹಂ ಉಳಿತಾಯ ಇಲ್ಲವೇ ಅಷ್ಟು ಬೆಲೆಯ ಆಸ್ತಿ, ಅಥವಾ ನಿಗದಿತ ಮಾಸಿಕ ಆದಾಯ ತೋರಿಸಬೇಕು. ಸಾಮಾನ್ಯ ಕೆಲಸಗಾರರಿಗೆ ಇದೂ ಎಟುಕುವುದಿಲ್ಲ ಎನ್ನುವುದು ನಮಗೂ ಗೊತ್ತು. ಅಂಥವರಿಗೆ ಮಗ ಅಥವಾ ಮಗಳು ಅಲ್ಲೇ ಕೆಲಸದಲ್ಲಿದ್ದು, ತಂದೆ-ತಾಯಿಯನ್ನು ತಮ್ಮ ಪ್ರಾಯೋಜಕತ್ವದಲ್ಲಿ ಇರಿಸಿಕೊಳ್ಳುವುದೊಂದೇ ದಾರಿ ಉಳಿಯುತ್ತದೆ. ಅದಕ್ಕೂ ಮಕ್ಕಳ ಸಂಬಳ, ಮನೆಯ ಷರತ್ತುಗಳಿವೆ.

ನಿಮಗೆ ಅರ್ಹತೆ ಇದೆಯೇ ಎಂದು ನೋಡಲು ಐಸಿಪಿಯ ವೆಬ್‌ಸೈಟ್ ಅಥವಾ ಆ್ಯಪ್ ಸಾಕು. ದುಬೈ ವೀಸಾದವರಿಗೆ ಜಿಡಿಆರ್‌ಎಫ್‌ಎ ಎಂಬ ಬೇರೆ ಇಲಾಖೆ ಇದೆ. ಅಲ್ಲಿರುವವರಿಗೆ ಗೊಂದಲವಿದ್ದರೆ ಭಾರತ ಸರ್ಕಾರವೇ ದುಬೈನಲ್ಲಿ ನಡೆಸುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲಿ ವಿಚಾರಿಸಬಹುದು. ಊರಿನಲ್ಲಿದ್ದುಕೊಂಡು ಆನ್‌ಲೈನ್ ಮೂಲಕ ಯಾರಿಗಾದರೂ ಮುಂಗಡ ಕಳಿಸಿ ಆಗಿದ್ದರೆ, ನಾಚಿಕೆಯಿಂದ ಸುಮ್ಮನಿರಬೇಡಿ, ಏಜೆಂಟ್‌ನ ‘ನಾಳೆ ಬರುತ್ತೆ’ಗಳಿಗೆ ಕಾಯಲೂ ಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಹಣ ಹೋದ ಖಾತೆಯ ವಿವರ ಮತ್ತು ಚಾಟ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದೂರು ಬೇಗ ಹೋದಷ್ಟೂ ಆ ಖಾತೆಯಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.