ಆಮೆಮರಿ ತಿನ್ನೋದು ಕಾಗೆ, ಕಾಗೆ ಸಾಕಿದ್ದು ಯಾರು?

ಅಮೆರಿಕದ ಮೊಹಾವಿ ಮರುಭೂಮಿಯ ಆಮೆಯನ್ನು ಅಲ್ಲಿನ ಸರ್ಕಾರ 1990ರಲ್ಲೇ ರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಿತು. ಆದರೂ ಬಹುತೇಕ ಕಡೆ ಅದರ ಸಂಖ್ಯೆ ಕುಸಿಯುತ್ತಲೇ ಬಂದಿದೆ. ಯಾಕೆ? ಮರಿಯ ಮೊದಲ ಕೆಲವು ವರ್ಷಗಳನ್ನು ನೋಡಿದರೆ ಉತ್ತರದ ಒಂದು ದೊಡ್ಡ ಭಾಗ ಸಿಗುತ್ತೆ.

ಐದು ಸೆಂಟಿಮೀಟರಿನ ಬದುಕು

ಬೇಸಿಗೆ ಮುಗಿಯುವ ಹೊತ್ತಿಗೆ ಮೊಟ್ಟೆಯೊಡೆದು ಬರುವ ಮರಿ ಹೆಚ್ಚುಕಡಿಮೆ 5 ಸೆಂ.ಮೀ. ಉದ್ದ ಇರುತ್ತೆ. ನೋಡಿಕೊಳ್ಳಲು ತಾಯಿ ಇರಲ್ಲ. ಮೊಟ್ಟೆಯ ಹಳದಿ ಭಾಗದಲ್ಲಿ ಉಳಿದದ್ದೇ ಮೊದಲ ಬುತ್ತಿ. ಚಳಿಗಾಲದಲ್ಲಿ ದೊಡ್ಡ ಆಮೆಗಳು ಬಿಲದಲ್ಲೇ ಮಲಗಿರುತ್ತವೆ. ಮರಿಗಳು ಮಾತ್ರ ಬಿಸಿಲು ಚೆನ್ನಾಗಿದ್ದ ದಿನ ಹೊರಬಂದು ಮೈ ಕಾಯಿಸಿಕೊಳ್ಳುತ್ತವೆ. ಪುಟ್ಟ ಮೈ ಬೇಗ ಬಿಸಿಯಾಗುತ್ತೆ.

ಬೆಳವಣಿಗೆ ಪೂರ್ತಿ ಮಳೆಯ ಕೈಯಲ್ಲಿದೆ. ಚಳಿಗಾಲದ ಮಳೆ ಬಿದ್ದರೆ ವಸಂತದಲ್ಲಿ ಎಳೆ ಸೊಪ್ಪು, ಹೂವು. ಆ ಕೆಲವೇ ವಾರಗಳಲ್ಲಿ ಹೊಟ್ಟೆತುಂಬ ತಿಂದರೆ ಬೆಳೆಯುತ್ತವೆ. ಬರ ಬಂದರೆ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಈಗ ಹೊರಗಿನಿಂದ ಬಂದ ಹುಲ್ಲುಗಳು ಅಲ್ಲೆಲ್ಲ ಹಬ್ಬಿವೆ. ಅವುಗಳಲ್ಲಿ ಪೋಷಕಾಂಶ ಕಮ್ಮಿ, ತಿಂದರೂ ಮರಿ ಬೆಳೆಯಲ್ಲ.

ಮೆತ್ತನೆಯ ಚಿಪ್ಪು

ಇಲ್ಲೇ ಇರೋದು ಅಪಾಯ. ಚಿಪ್ಪು ಗಟ್ಟಿಯಾಗಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ರೇವನ್ ಎಂಬ ದೊಡ್ಡ ಕಾಗೆ ಅದನ್ನು ಕುಕ್ಕಿ ತೂತು ಮಾಡಿ ತಿನ್ನಬಲ್ಲದು. ಗೂಡುಗಳ ಕೆಳಗೆ ಇಂಥ ಖಾಲಿ ಚಿಪ್ಪುಗಳು ರಾಶಿ ರಾಶಿ ಸಿಕ್ಕಿವೆ.

ಹಾಗಾದ್ರೆ ತಪ್ಪು ಕಾಗೆಯದಾ? ರೇವನ್ ಅಲ್ಲಿ ಮೊದಲೂ ಇತ್ತು. ಆದರೆ ನೀರಿಲ್ಲದ ಜಾಗದಲ್ಲಿ ಸಂಖ್ಯೆ ಮಿತಿಯಲ್ಲಿತ್ತು. ಊರು ಬೆಳೆದಂತೆ ಕಸದ ಗುಡ್ಡೆ, ಕೊಳಚೆ ನೀರು, ಹೆದ್ದಾರಿಯಲ್ಲಿ ಸತ್ತ ಪ್ರಾಣಿಗಳು ಅದಕ್ಕೆ ಪುಕ್ಕಟೆ ಊಟವಾದವು. ಗೂಡು ಕಟ್ಟಲು ವಿದ್ಯುತ್ ಗೋಪುರಗಳಿದ್ದವು. ಕೆಲವು ದಶಕಗಳಲ್ಲೇ ಸಂಖ್ಯೆ ಹಲವು ಪಟ್ಟು ಏರಿತು.

ಪರಿಹಾರವೋ, ತೇಪೆಯೋ?

ಈಗ ಡ್ರೋನ್‌ನಿಂದ ಕಾಗೆಯ ಮೊಟ್ಟೆಗೆ ಎಣ್ಣೆ ಸಿಂಪಡಿಸಿ ಮರಿಯಾಗದಂತೆ ತಡೆಯುತ್ತಾರೆ. ಆಮೆಮರಿಗಳನ್ನು ಬೇಲಿಯೊಳಗೆ ಸಾಕಿ, ಚಿಪ್ಪು ಗಟ್ಟಿಯಾದ ಮೇಲೆ ಬಿಡುತ್ತಾರೆ. ಇವಾನ್‌ಪಾ ಸೌರ ವಿದ್ಯುತ್ ಸ್ಥಾವರ ಕಟ್ಟುವಾಗಲೂ ಆಮೆಗಳನ್ನು ಸ್ಥಳಾಂತರಿಸಿ, ಮರಿಗಳನ್ನು ಹೀಗೇ ಸಾಕಲಾಯಿತು. ಮರಿ ಉಳಿಯುತ್ತೆ ನಿಜ. ಆದರೆ ಕಸ, ರಸ್ತೆ, ಒಡೆದುಹೋದ ನೆಲ ಹಾಗೇ ಇದ್ದರೆ ಬಿಟ್ಟ ಮರಿ ಹೋಗೋದೆಲ್ಲಿಗೆ?

ಈ ಆಮೆ ಮೊಟ್ಟೆಯಿಡುವ ವಯಸ್ಸಿಗೆ ಬರಲು 12ರಿಂದ 20 ವರ್ಷ ಬೇಕು. ಅಷ್ಟರಲ್ಲಿ ಅಮೆರಿಕದಲ್ಲಿ ಮೂರರಿಂದ ಐದು ಅಧ್ಯಕ್ಷೀಯ ಚುನಾವಣೆಗಳು ಮುಗಿದಿರುತ್ತವೆ. ದೊಡ್ಡ ಆಮೆಗಳು ದಶಕಗಟ್ಟಲೆ ಬದುಕುವುದರಿಂದ ‘ಆಮೆ ಇದೆಯಲ್ಲ’ ಅಂತ ಎಲ್ಲ ಸರ್ಕಾರಗಳೂ ಹೇಳಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ಮರಿಗಳೆಲ್ಲಿ?